ವಾಯ್ನಿಚ್ ಹಸ್ತಪ್ರತಿಯ ಗಿಡಗಳನ್ನು ಗುರುತಿಸುವುದು ಹೇಗೆ: ಹೆಸರಿಡುವ ಮೊದಲು ಮಾಡಬೇಕಾದ ಕೆಲಸಗಳು

ವಾಯ್ನಿಚ್ ಹಸ್ತಪ್ರತಿ ಎಂದರೆ ಯಾರಿಗೂ ಓದಲಾಗದ ಲಿಪಿಯಲ್ಲಿ ಬರೆದ, ವಿಚಿತ್ರ ಗಿಡಗಳ ಚಿತ್ರ ತುಂಬಿದ 15ನೇ ಶತಮಾನದ ಪುಸ್ತಕ. ಗಿಡ ಗುರುತಿಸುವ ಆ್ಯಪ್‌ಗೆ ಅದರ ಪುಟವೊಂದನ್ನು ತೋರಿಸಿದರೆ ಅದು ಏನಾದರೊಂದು ಹೆಸರು ಹೇಳಿಯೇ ಹೇಳುತ್ತದೆ. ಅದೇ ಚಿತ್ರದಲ್ಲಿ ಬೇರನ್ನು ಕತ್ತರಿಸಿ ಹಾಕಿ ಮತ್ತೆ ತೋರಿಸಿ, ಇನ್ನೊಂದು ಹೆಸರು ಬರಬಹುದು. ಹೂವನ್ನಷ್ಟೇ ತೋರಿಸಿದರೆ ಮೂರನೆಯದು. ಈ ಕೆಲಸಕ್ಕೆ ಕೈಹಾಕಿದ ಬಹುಪಾಲು ಜನ ಎಡವುವುದು ಇಲ್ಲಿಯೇ. ಮೊದಲು ಹೆಸರು ಸಿಗುತ್ತದೆ, ಆಮೇಲೆ ಚಿತ್ರದ ತುಂಬ ಅದಕ್ಕೆ ಪುರಾವೆ ಕಾಣಿಸತೊಡಗುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಕೆಳಗಿನ ಹಂತಗಳ ಕ್ರಮ ಮುಖ್ಯ. ಎರಡನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಿದರೆ ಮತ್ತೆ ಮೊದಲಿಗೇ ಬರಬೇಕಾಗುತ್ತದೆ.

## ಹಂತ 1: ಸಲಕರಣೆ ಹೊಂದಿಸಿಕೊಳ್ಳಿ

ಹಸ್ತಪ್ರತಿ ಇರುವುದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿ, ಎಂಎಸ್ 408 ಎಂಬ ಸಂಖ್ಯೆಯಡಿ. ಗ್ರಂಥಾಲಯವೇ ಪ್ರತಿ ಪುಟದ ದೊಡ್ಡ ಚಿತ್ರವನ್ನು ಉಚಿತವಾಗಿ ಕೊಟ್ಟಿದೆ. ಅದನ್ನೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಸಿಗುವ ಚಿತ್ರಗಳಲ್ಲಿ ಅಂಚು ಕತ್ತರಿಸಿರುತ್ತಾರೆ, ಬಣ್ಣ ಏರಿಸಿರುತ್ತಾರೆ. ಬಣ್ಣ ಏರಿಸಿದ ಚಿತ್ರದಲ್ಲಿ ಕಂದು ಗೆರೆ ಎಲ್ಲಿ ಮುಗಿಯಿತು, ಹಸಿರು ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ.

ಇದರ ಜೊತೆಗೆ ಬೇಕಾದವು: ಪದರಗಳಲ್ಲಿ ಕೆಲಸ ಮಾಡಲು ಬರುವ ಯಾವುದಾದರೂ ಚಿತ್ರ ತಂತ್ರಾಂಶ (ಇಲ್ಲದಿದ್ದರೆ ಮುದ್ರಿಸಿದ ಪುಟ ಮತ್ತು ಟ್ರೇಸಿಂಗ್ ಹಾಳೆ), ಒಂದು ಕೋಷ್ಟಕ, ಯುರೋಪ್ ಮತ್ತು ಮೆಡಿಟರೇನಿಯನ್ ಸಸ್ಯಗಳ ಕೈಪಿಡಿ, ಮತ್ತು ಮಧ್ಯಯುಗದ ಮೂರು ನಾಲ್ಕು ಮೂಲಿಕಾಗ್ರಂಥಗಳ (ಮದ್ದಿನ ಗಿಡಗಳ ಸಚಿತ್ರ ಪುಸ್ತಕಗಳ) ಸ್ಕ್ಯಾನ್ ಪ್ರತಿಗಳು. ಕೊನೆಯದು ಯಾಕೆಂದು ಹಂತ 5ರಲ್ಲಿ ಹೇಳುತ್ತೇನೆ. ಬಹಳ ಜನರ ಹತ್ತಿರ ಇಲ್ಲದಿರುವುದೂ ಅದೇ.

ಪುಟಗಳನ್ನು ಹಾಳೆಯ ಸಂಖ್ಯೆ ಮತ್ತು ಬದಿಯಿಂದ ಹೆಸರಿಸುವುದು ರೂಢಿ: 9ನೇ ಹಾಳೆಯ ಮುಂಬದಿ, 9ನೇ ಹಾಳೆಯ ಹಿಂಬದಿ. ಪಿಡಿಎಫ್ ಪುಟಸಂಖ್ಯೆಯನ್ನು ಎಂದೂ ಬಳಸಬೇಡಿ. 12ನೇ ಹಾಳೆ, 59ರಿಂದ 64ರವರೆಗಿನ ಹಾಳೆಗಳು ಕಳೆದುಹೋಗಿವೆ. ಹಾಗಾಗಿ ಎರಡು ಲೆಕ್ಕಗಳು ಎಂದೂ ಹೊಂದುವುದಿಲ್ಲ, ನಿಮ್ಮ ಟಿಪ್ಪಣಿ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದಿಲ್ಲ.

## ಹಂತ 2: ಸರಿಯಾದ ಪುಟ ಆರಿಸಿ

ಗ್ರಂಥಾಲಯದ ವಿವರಣೆಯ ಪ್ರಕಾರ ಸಸ್ಯಭಾಗದಲ್ಲಿ 113 ಗಿಡಗಳಿವೆ. ಅದಲ್ಲದೆ ಕೊನೆಯ ಕಡೆ, ಸುಮಾರು 88ರಿಂದ 102ನೇ ಹಾಳೆಗಳಲ್ಲಿ, ಜಾಡಿಗಳ ಪಕ್ಕ ಸಾಲಾಗಿ ಬಿಡಿ ಎಲೆ, ಬಿಡಿ ಬೇರುಗಳಿವೆ. ಮೊದಲ ಸಲ ಮಾಡುವವರು ಈ ಬಿಡಿ ತುಂಡುಗಳನ್ನು ಮುಟ್ಟಬೇಡಿ. ಒಂದು ಎಲೆ, ಒಂದು ಬೇರು ಇಟ್ಟುಕೊಂಡು ನೂರು ಗಿಡ ಹೇಳಬಹುದು.

ಶುರುಮಾಡಲು 9ನೇ ಹಾಳೆಯ ಹಿಂಬದಿ ಒಳ್ಳೆಯದು. ಅದು ವಯೋಲಾ ಜಾತಿಯ ಗಿಡ, ಬಹುಶಃ ವಯೋಲಾ ಟ್ರೈಕಲರ್ (ಪ್ಯಾನ್ಸಿ ಹೂವಿನ ಕಾಡುಬಂಧು), ಎಂದು ಅತಿ ಹೆಚ್ಚು ಜನ ಒಪ್ಪಿದ್ದಾರೆ. ಎರಡನೆಯ ಪಾಠಕ್ಕೆ 2ನೇ ಹಾಳೆಯ ಹಿಂಬದಿ, ನೈದಿಲೆಯಂಥ ನೀರಗಿಡ. ಮೂರನೆಯದಕ್ಕೆ 6ನೇ ಹಾಳೆಯ ಹಿಂಬದಿ, ಹರಳುಗಿಡ ಎಂದು ಅನೇಕರು ಹೇಳುವ ಚಿತ್ರ. ಉತ್ತರ ಹೆಚ್ಚುಕಡಿಮೆ ಗೊತ್ತಿರುವ ಪುಟದಲ್ಲಿ ವಿಧಾನ ಕಲಿಯಿರಿ. ಯಾರೂ ಬಿಡಿಸದ ಪುಟದಿಂದಲೇ ಶುರುಮಾಡುವವರಿಗೆ ತಮ್ಮ ವಿಧಾನ ಸರಿಯೋ ತಪ್ಪೋ ಎಂದು ಅಳೆಯುವ ಕೋಲೇ ಇರುವುದಿಲ್ಲ.

## ಹಂತ 3: ಗೆರೆಯನ್ನು ಬಣ್ಣದಿಂದ ಬೇರ್ಪಡಿಸಿ

ಚಿತ್ರದಲ್ಲಿ ಎರಡು ಕೆಲಸಗಳಿವೆ. ಕಬ್ಬಿಣಾಂಶದ ಕಂದು ಮಸಿಯಲ್ಲಿ ಎಳೆದ ಗೆರೆ ಒಂದು, ಅದರ ಮೇಲೆ ಬಳಿದ ಬಣ್ಣ ಇನ್ನೊಂದು. 2009ರಲ್ಲಿ ನಡೆದ ರಾಸಾಯನಿಕ ಪರೀಕ್ಷೆಯಲ್ಲಿ ನೀಲಿಗೆ ಅಜುರೈಟ್ ಖನಿಜ, ಹಸಿರಿಗೆ ತಾಮ್ರದ ಸಂಯುಕ್ತ, ಕೆಂಪುಕಂದಿಗೆ ಕಾವಿಮಣ್ಣು ಬಳಸಿರುವುದು ಕಂಡುಬಂತು. ಗೆರೆ ಎಳೆದವನೇ ಬಣ್ಣ ಬಳಿದನೇ, ಆಗಲೇ ಬಳಿದನೇ ಎಂಬುದು ತೀರ್ಮಾನವಾಗದ ಪ್ರಶ್ನೆ. ಹಲವು ಪುಟಗಳಲ್ಲಿ ಬಣ್ಣ ಗೆರೆಯ ಆಚೆ ಚೆಲ್ಲಿದೆ, ಅವಸರದಲ್ಲಿ ಬಳಿದಂತಿದೆ.

ಆದ್ದರಿಂದ ಗೆರೆಗಳನ್ನಷ್ಟೇ ಹೊಸ ಪದರದಲ್ಲಿ ಬರೆದುಕೊಳ್ಳಿ. ಒಂದು ಗಂಟೆ ಹಿಡಿಯುತ್ತದೆ, ಬೇಸರದ ಕೆಲಸ, ಆದರೆ ಬೇರಾವ ಹಂತವೂ ಇಷ್ಟು ಕಲಿಸುವುದಿಲ್ಲ. ಕೈ ಗೆರೆಯ ಹಿಂದೆ ಹೋದಾಗ, ಒಂದೇ ದೊಡ್ಡ ಎಲೆ ಎಂದುಕೊಂಡದ್ದು ಮೂರು ಕಿರುಎಲೆಗಳ ಮೇಲೆ ಒಟ್ಟಿಗೆ ಬಳಿದ ಹಸಿರು ಎಂದು ಗೊತ್ತಾಗುವುದುಂಟು. ನಾನು ಮೊದಮೊದಲು ಇದನ್ನು ಬಿಟ್ಟು, ಹೂವು ನೀಲಿ ಎಂಬ ಒಂದೇ ಕಾರಣಕ್ಕೆ ವಾರಗಟ್ಟಲೆ ನೀಲಿ ಹೂವಿನ ಗಿಡಗಳನ್ನೇ ಹುಡುಕುತ್ತಾ ಕೂತಿದ್ದೆ. ಬಣ್ಣಗಾರನ ಹತ್ತಿರ ಇದ್ದ ಬಣ್ಣಗಳು ಕೆಲವೇ ಕೆಲವು ಎಂಬುದು ಹೊಳೆಯಲೇ ಇಲ್ಲ. ನೇರಳೆ ಹೂವಿಗೂ ಅವನು ಅದೇ ಅಜುರೈಟ್ ಬಳಿದಿರಬಹುದು.

ಎಚ್ಚರಿಕೆಯ ಗುರುತು: ಪುಟದಲ್ಲಿ ಗೆರೆಯೇ ಇಲ್ಲದ, ಮಸುಕಾದ ಬಣ್ಣದ ಕಲೆ ಕಂಡರೆ ಅದು ಎದುರು ಪುಟದಿಂದ ಅಂಟಿದ್ದು ಅಥವಾ ಹಾಳೆಯ ಇನ್ನೊಂದು ಬದಿಯಿಂದ ಇಳಿದದ್ದು ಆಗಿರಬಹುದು. ಎರಡೂ ಪುಟಗಳನ್ನು ತೆರೆದು, ಒಂದನ್ನು ಕನ್ನಡಿಯಂತೆ ತಿರುಗಿಸಿ ನೋಡಿ. ಇಂಥ ಕಲೆಗೆ ಮೊಗ್ಗು ಎಂದು ಹೆಸರಿಟ್ಟವರಿದ್ದಾರೆ.

## ಹಂತ 4: ಹೆಸರಿಲ್ಲದೆ ವಿವರಿಸಿ

ಈಗ ಕೋಷ್ಟಕ ತೆರೆಯಿರಿ. ಬೇರು, ಕಾಂಡ, ಎಲೆಗಳ ಜೋಡಣೆ, ಎಲೆಯ ಆಕಾರ, ಎಲೆಯ ಅಂಚು, ತೊಟ್ಟು ಅಂಟುವ ಜಾಗ, ಹೂಗೊಂಚಲು, ದಳಗಳ ಸಂಖ್ಯೆ, ಪುಷ್ಪಪಾತ್ರೆ, ಕಾಯಿ: ಒಂದೊಂದಕ್ಕೂ ಒಂದು ಸಾಲು. ನಿಯಮ ಒಂದೇ: ಯಾವ ಗಿಡದ ಹೆಸರೂ ಈ ಕೋಷ್ಟಕದಲ್ಲಿ ಬರಕೂಡದು. "ಕೊತ್ತಂಬರಿಯಂಥ ಎಲೆ" ಎಂದು ಬರೆದ ಕ್ಷಣವೇ ಆಟ ಮುಗಿಯಿತು. "ಎರಡು ಸಲ ಸೀಳಿದ, ಅಗಲ ತುದಿಯ ಕಿರುಎಲೆ" ಎಂದು ಬರೆಯಿರಿ.

ಎಲ್ಲಕ್ಕಿಂತ ಮೊದಲು ಎಲೆಗಳ ಜೋಡಣೆ ನೋಡಿ. ಒಂದು ಗೆಣ್ಣಿಗೆ ಒಂದೇ ಎಲೆ, ಮುಂದಿನದು ಇನ್ನೊಂದು ಬದಿಗೆ ಇದೆಯೇ? ಎದುರುಬದುರು ಎರಡಿವೆಯೇ? ಮೂರು ನಾಲ್ಕು ಸುತ್ತುಗಟ್ಟಿವೆಯೇ? ಆದರೆ ಇಲ್ಲೊಂದು ಬಲೆಯಿದೆ. ಮಧ್ಯಯುಗದ ಚಿತ್ರಕಾರರಿಗೆ ಎಡಬಲ ಸಮನಾಗಿರಬೇಕೆಂಬ ಆಸೆ ಬಹಳ, ಹೀಗಾಗಿ ಒಂದಾದ ಮೇಲೊಂದು ಬರುವ ಎಲೆಗಳನ್ನೂ ಎದುರುಬದುರು ಮಾಡಿಬಿಡುತ್ತಾರೆ. ಜೋಡಣೆ ಎದುರುಬದುರಾಗಿದ್ದರೆ ಅರ್ಧ ತೂಕ ಕೊಡಿ. ಒಂದಾದ ಮೇಲೊಂದಿದ್ದರೆ ಪೂರ್ತಿ ತೂಕ ಕೊಡಿ, ಯಾಕೆಂದರೆ ಸಮತೋಲದ ಆಸೆಯನ್ನು ಮೀರಿ ಅವನು ಹಾಗೆ ಬರೆದಿದ್ದಾನೆ.

ಎಣಿಸಲು ಬರುವುದನ್ನೆಲ್ಲ ಎಣಿಸಿ. ಒಂದು ಹೂವಿನಲ್ಲಿ ಐದು ದಳ, ಪಕ್ಕದ್ದರಲ್ಲಿ ಆರು ಇದ್ದರೆ ಎರಡನ್ನೂ ಬರೆದುಕೊಳ್ಳಿ. ಎಲ್ಲ ಹೂಗಳಲ್ಲೂ ಒಂದೇ ಸಂಖ್ಯೆ ಬಂದರೆ ಚಿತ್ರಕಾರನಿಗೆ ಆ ಸಂಖ್ಯೆ ಮುಖ್ಯವಾಗಿತ್ತು ಎಂದರ್ಥ. ಏರುಪೇರಾದರೆ ಆ ಸಂಖ್ಯೆಯ ಮೇಲೆ ಏನನ್ನೂ ಕಟ್ಟಬೇಡಿ.

ಬೇರಿನ ಸಾಲನ್ನು ತುಂಬಿ, ಆದರೆ ಕಂಸದಲ್ಲಿಡಿ. ಈ ಹಸ್ತಪ್ರತಿಯಲ್ಲಿ ಬೇರುಗಳೇ ಅತಿ ವಿಚಿತ್ರ. 33ನೇ ಹಾಳೆಯ ಮುಂಬದಿಯಲ್ಲಿ ಬೇರಿಗೆ ಮನುಷ್ಯರ ತಲೆಗಳಿವೆ. ಕೆಲವು ಕಡೆ ದಪ್ಪ ಬೇರನ್ನು ಮೇಲೆ ಚಪ್ಪಟೆಯಾಗಿ ಕೊಯ್ದು, ಅದರ ಮೇಲೆ ಸಣ್ಣ ಕಾಂಡ ನೆಟ್ಟಂತೆ ಕಾಣುತ್ತದೆ. ಆ ಕಾಲದ ಮೂಲಿಕಾಗ್ರಂಥಗಳಲ್ಲಿ ಬೇರಿನ ಆಕಾರ ಗಿಡದ ಹೆಸರನ್ನೋ ಉಪಯೋಗವನ್ನೋ ನೆನಪಿಸುವ ಗುರುತಾಗಿರುತ್ತಿತ್ತು. ಮ್ಯಾಂಡ್ರೇಕ್ ಗಿಡದ ಬೇರನ್ನು ಮನುಷ್ಯನಂತೆ ಬರೆಯುತ್ತಿದ್ದುದು ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ. ಹಾವಿನ ಕಡಿತಕ್ಕೆ ಮದ್ದೆಂದು ನಂಬಿದ ಗಿಡಗಳ ಪಕ್ಕ ಹಾವನ್ನೇ ಬರೆದಿಡುತ್ತಿದ್ದರು. 25ನೇ ಹಾಳೆಯ ಹಿಂಬದಿಯಲ್ಲಿ ಗಿಡದ ಬುಡದಲ್ಲಿ ಒಂದು ಪುಟ್ಟ ಡ್ರ್ಯಾಗನ್‌ನಂಥ ಪ್ರಾಣಿ ಇದೆ. ಅದನ್ನು ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಹುಡುಕಬೇಡಿ, ಹೆಸರಿನ ಸುಳಿವಾಗಿ ಟಿಪ್ಪಣಿಯಲ್ಲಿಡಿ.

ಕೋಷ್ಟಕ ತುಂಬಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಬೇರು, ಎಲೆ, ಹೂವು ಮೂರೂ ಒಂದೇ ಗಿಡದ್ದೆಂದು ಚಿತ್ರ ನಂಬಿಸುತ್ತದೆಯೇ? ಕೆಲವು ಪುಟಗಳಲ್ಲಿ ನಂಬಿಸುವುದಿಲ್ಲ. ಬೇರೆ ಬೇರೆ ಗಿಡಗಳ ಅಂಗಗಳನ್ನು ಜೋಡಿಸಿದಂತಿರುವ ಇಂಥ ಪುಟಗಳನ್ನು ಪಕ್ಕಕ್ಕಿಡಿ. ಅಲ್ಲಿ ಒಂದು ಹೆಸರು ಹುಡುಕುವ ಹಟ ತೌಡು ಕುಟ್ಟಿದ ಹಾಗೆ.

## ಹಂತ 5: ಫೋಟೋಗಿಂತ ಮೊದಲು ಚಿತ್ರಕ್ಕೆ ಹೋಲಿಸಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸುತ್ತೇನೆ.

15ನೇ ಶತಮಾನದಲ್ಲಿ ಗಿಡದ ಚಿತ್ರ ಬರೆಯುವವನ ಮುಂದೆ ಗಿಡವೇ ಇರಬೇಕೆಂದಿರಲಿಲ್ಲ. ಅವನು ಹಳೆಯ ಪುಸ್ತಕದ ಚಿತ್ರವನ್ನು ನಕಲು ಮಾಡುತ್ತಿದ್ದ, ಆ ಹಳೆಯದು ಇನ್ನೂ ಹಳೆಯದರ ನಕಲು. ಪ್ರತಿ ನಕಲಿನಲ್ಲೂ ಎಲೆ ಸ್ವಲ್ಪ ದುಂಡಗಾಗುತ್ತದೆ, ಮುಳ್ಳು ಕೂದಲಾಗುತ್ತದೆ, ಗೊಂಚಲು ಒಂದೇ ಹೂವಾಗುತ್ತದೆ. ನಕಲಿನ ನಕಲನ್ನು ಇಂದಿನ ಕ್ಯಾಮೆರಾ ಫೋಟೋದ ಪಕ್ಕ ಇಟ್ಟರೆ ಏನು ತಾನೇ ಹೊಂದೀತು?

ಆದ್ದರಿಂದ ಅದೇ ಕಾಲದ, ಹೆಸರು ಗೊತ್ತಿರುವ ಚಿತ್ರಗಳ ಪಕ್ಕ ಇಡಿ. ಬ್ರಿಟಿಷ್ ಲೈಬ್ರರಿಯ ಎಗರ್ಟನ್ 747 ಎಂಬ ಸಂಖ್ಯೆಯ ಹಸ್ತಪ್ರತಿ (ದಕ್ಷಿಣ ಇಟಲಿ, 1300ರ ಆಸುಪಾಸು), ಅಲ್ಲಿಯದೇ ಸ್ಲೋನ್ 4016 (ಉತ್ತರ ಇಟಲಿಯ ಲೊಂಬಾರ್ಡಿ, ಸುಮಾರು 1440), ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದ ಲ್ಯಾಟಿನ್ 6823 (14ನೇ ಶತಮಾನ): ಈ ಮೂರೂ ಒಂದೇ ಪರಂಪರೆಯವು, ಒಂದೇ ಗಿಡ ನೂರು ವರ್ಷದಲ್ಲಿ ಹೇಗೆ ಬದಲಾಯಿತೆಂದು ಕಣ್ಣಾರೆ ಕಾಣಬಹುದು. ಎಗರ್ಟನ್ 2020 ಬೇರೆ ಜಾತಿಯದು. 1400ರ ಹೊತ್ತಿಗೆ ಪಡುವಾದಲ್ಲಿ ತಯಾರಾದ ಅದರಲ್ಲಿ ಗಿಡವನ್ನು ಕಣ್ಣೆದುರು ಇಟ್ಟುಕೊಂಡೇ ಬರೆದಂತಿದೆ. ಇವಲ್ಲದೆ "ರಸವಾದಿಗಳ ಮೂಲಿಕಾಗ್ರಂಥ" ಎಂಬ ಇಟಲಿಯ ಗುಂಪೊಂದಿದೆ. ಅದರಲ್ಲಿ ಮುಖವಿರುವ ಬೇರು, ಪ್ರಾಣಿಯಂಥ ಬೇರು ಧಾರಾಳ. ವಾಯ್ನಿಚ್ ಬೇರುಗಳು ಲೋಕದಲ್ಲೇ ಒಂಟಿ ಎಂದುಕೊಂಡವರು ಇದನ್ನು ನೋಡಿದ ಮೇಲೆ ಸುಮ್ಮನಾಗುತ್ತಾರೆ.

ಹೋಲಿಸುವಾಗ ನಿಮ್ಮ ಗೆರೆಚಿತ್ರವನ್ನೇ ಬಳಸಿ. ಹಂತ 4ರ ಕೋಷ್ಟಕದಲ್ಲಿ ಗಟ್ಟಿಯಾದ ಮೂರು ಲಕ್ಷಣಗಳನ್ನು ಆರಿಸಿ, ಆ ಮೂರೂ ಇರುವ ಚಿತ್ರಗಳ ಪಟ್ಟಿ ಮಾಡಿ. ಐದಾರು ಹೆಸರು ಬಂದರೆ ಸರಿಯಾದ ದಾರಿಯಲ್ಲಿದ್ದೀರಿ. ಒಂದೇ ಹೆಸರು ಬಂದರೆ ಹುಡುಕಿದ್ದು ಸಾಲದು. ಮೂವತ್ತು ಬಂದರೆ ಲಕ್ಷಣಗಳು ತೀರಾ ಸಾಮಾನ್ಯವಾದವು.

## ಹಂತ 6: ಕಾಲ ಮತ್ತು ನಾಡಿನ ಜರಡಿ

2009ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ನಾಲ್ಕು ಹಾಳೆಗಳ ಚೂರುಗಳನ್ನು ರೇಡಿಯೋಕಾರ್ಬನ್ ಪರೀಕ್ಷೆಗೆ ಒಳಪಡಿಸಿದಾಗ, ಹಾಳೆಗಳಾಗಿ ಬಳಸಿದ ಚರ್ಮ 1404ರಿಂದ 1438ರ ನಡುವಿನದೆಂದು ತಿಳಿಯಿತು. ಕಾಲ ಗೊತ್ತಾದದ್ದು ಚರ್ಮದ್ದು, ಮಸಿಯದ್ದಲ್ಲ. ಆದರೂ ಕೊಲಂಬಸ್ ಹೊರಟದ್ದು 1492ರಲ್ಲಿ. ಹಾಳೆಗಳನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಖಾಲಿ ಇಟ್ಟಿದ್ದರು ಎಂದು ವಾದಿಸಲು ಬೇರೆ ಬಲವಾದ ಕಾರಣ ಬೇಕು.

ಈ ಜರಡಿ ಹಿಡಿದರೆ ಪಟ್ಟಿಯಿಂದ ಅಮೆರಿಕ ಖಂಡದ ಗಿಡಗಳಾದ ಸೂರ್ಯಕಾಂತಿ, ಮೆಣಸಿನಕಾಯಿ, ಮೆಕ್ಕೆಜೋಳ, ಆಲೂಗಡ್ಡೆ, ಟೊಮೆಟೊ, ತಂಬಾಕು ಉದುರಿ ಹೋಗುತ್ತವೆ. ಟ್ಯುಲಿಪ್ ಕೂಡ ಪಶ್ಚಿಮ ಯುರೋಪಿಗೆ ಬಂದದ್ದು 16ನೇ ಶತಮಾನದಲ್ಲಿ. 1944ರಲ್ಲಿ ಸಸ್ಯವಿಜ್ಞಾನಿ ಹ್ಯೂ ಒ'ನೀಲ್ 93ನೇ ಹಾಳೆಯಲ್ಲಿ ಸೂರ್ಯಕಾಂತಿ, 101ನೇ ಹಾಳೆಯ ಹಿಂಬದಿಯಲ್ಲಿ ಮೆಣಸಿನಕಾಯಿ ಕಂಡರು. ಹಸ್ತಪ್ರತಿ 1493ಕ್ಕಿಂತ ಹಿಂದಿನದಲ್ಲ ಎಂದರು. ಆಗ ಚರ್ಮದ ಪರೀಕ್ಷೆ ಆಗಿರಲಿಲ್ಲ, ಅವರನ್ನು ದೂರುವಂತಿಲ್ಲ. ಆದರೆ 2013ರಲ್ಲಿ ಸಸ್ಯವಿಜ್ಞಾನಿ ಆರ್ಥರ್ ಟಕರ್ ಮತ್ತು ರೆಕ್ಸ್‌ಫರ್ಡ್ ಟಾಲ್ಬರ್ಟ್ ಇಡೀ ಹಸ್ತಪ್ರತಿಯೇ ಮೆಕ್ಸಿಕೋದ್ದೆಂದು ವಾದಿಸಿದಾಗ ಪರೀಕ್ಷೆಯ ಫಲಿತಾಂಶ ಬಂದು ನಾಲ್ಕು ವರ್ಷವಾಗಿತ್ತು. ಅವರು ಹೆಸರಿಸಿದ ಗಿಡಗಳು ಒಂದೊಂದಾಗಿ ನೋಡಿದರೆ ಚಿತ್ರಗಳನ್ನು ಹೋಲುತ್ತವೆ ಎಂಬುದು ನಿಜ. ಹೋಲಿಕೆ ಎಷ್ಟು ಅಗ್ಗ ಎಂಬುದನ್ನು ಅದೇ ತೋರಿಸುತ್ತದೆ.

ಸೂರ್ಯಕಾಂತಿಯಂಥ ದೊಡ್ಡ ತಲೆಯ ಹೂವು ಕಂಡರೆ ಹಳೆಯ ಜಗತ್ತಿನಲ್ಲೇ (ಯುರೋಪ್, ಏಷ್ಯಾ, ಆಫ್ರಿಕಾಗಳಲ್ಲೇ) ಹುಡುಕಿ. ಇನುಲಾ ಹೆಲೆನಿಯಂ ಎಂಬ ಎತ್ತರದ, ಹಳದಿ ಹೂವಿನ ಮದ್ದಿನ ಗಿಡ ಯುರೋಪಿನವರಿಗೆ ಪ್ರಾಚೀನ ಕಾಲದಿಂದ ಗೊತ್ತು.

## ಹಂತ 7: ಅಭ್ಯರ್ಥಿಗಳನ್ನು ಒಬ್ಬೊಬ್ಬರಾಗಿ ಹೊರದಬ್ಬಿ

ಈಗ, ಇಲ್ಲಿಗೆ ಬಂದ ಮೇಲೆ, ಸಸ್ಯ ಕೈಪಿಡಿ ಮತ್ತು ಫೋಟೋ. ಆದರೆ "ಯಾವುದು ಹೋಲುತ್ತದೆ" ಎಂದು ಕೇಳಬೇಡಿ, "ಯಾವುದು ಯಾಕೆ ಆಗಲಾರದು" ಎಂದು ಕೇಳಿ.

6ನೇ ಹಾಳೆಯ ಹಿಂಬದಿಯನ್ನೇ ತೆಗೆದುಕೊಳ್ಳಿ. ಬೆರಳು ಬಿಡಿಸಿದ ಅಂಗೈಯಂಥ ಎಲೆಗಳು, ಮೇಲೆ ಮುಳ್ಳುಮುಳ್ಳಾದ ಉಂಡೆಗಳು. ಹರಳುಗಿಡ ಎಂದು ಬಾಯಿಗೆ ಬಂದೇ ಬರುತ್ತದೆ. ಕಾಲದ ಜರಡಿಯಲ್ಲಿ ಅದು ನಿಲ್ಲುತ್ತದೆ, ಹಳೆಯ ಜಗತ್ತಿನ ಗಿಡ, ಗ್ರೀಕರಿಗೂ ಗೊತ್ತಿತ್ತು. ಆದರೆ ಪ್ರತಿಸ್ಪರ್ಧಿ ಇದ್ದಾನೆ: ಎರಿಂಜಿಯಂ ಎಂಬ ಮುಳ್ಳುಗಿಡ. ಅದರ ಉಂಡೆ ಕಾಯಿಯಲ್ಲ, ಹೂವಿನ ತಲೆ. ಹಾಗಾದರೆ ಕೇಳಬೇಕಾದ ಪ್ರಶ್ನೆಗಳು: ಉಂಡೆಗಳು ನಡುದಿಂಡಿನ ಸುತ್ತ ಗೊಂಚಲಾಗಿವೆಯೇ, ಅಥವಾ ಕವಲೊಡೆದ ಕಾಂಡದ ಒಂದೊಂದು ತುದಿಗೆ ಒಂದೊಂದು ಇವೆಯೇ? ಎಲೆಯ ಅಂಚಿನಲ್ಲಿ ಮುಳ್ಳಿದೆಯೇ? ಎಲೆತೊಟ್ಟು ಎಲ್ಲಿ ಅಂಟಿದೆ? ಹರಳಿನಲ್ಲಿ ತೊಟ್ಟು ಎಲೆಯ ಅಂಚಿಗಲ್ಲ, ಕೊಡೆಯ ಕೋಲಿನಂತೆ ಎಲೆಯ ಒಳಭಾಗಕ್ಕೆ ಕೂಡುತ್ತದೆ. ಉತ್ತರಗಳನ್ನು ಹಂತ 3ರ ಗೆರೆಚಿತ್ರದಲ್ಲಿ ನೋಡಿ ನೀವೇ ಬರೆಯಿರಿ, ನಾನು ಹೇಳುವುದಿಲ್ಲ.

ವಯೋಲಾ ಪುಟಕ್ಕೂ ಹೀಗೆಯೇ. ಆ ಜಾತಿಯ ಹೂವಿಗೆ ಐದು ದಳ: ಮೇಲೆ ಎರಡು, ಪಕ್ಕಕ್ಕೆ ಎರಡು, ಕೆಳಗೆ ಒಂದು, ಕೆಳದಳದ ಹಿಂದೆ ಒಂದು ಚಿಕ್ಕ ಕೊಂಬು. ದಳ ಎಣಿಸಿದರೆ ಸಾಲದು, ಯಾವುದು ಯಾವ ದಿಕ್ಕಿಗೆ ಇದೆ ಎಂದೂ ನೋಡಿ. ಚಿತ್ರ ನಿಸರ್ಗಕ್ಕೆ ಒಪ್ಪದ ಕಡೆ "ಒಪ್ಪುವುದಿಲ್ಲ" ಎಂದೇ ಬರೆಯಿರಿ. ಎಲ್ಲರೂ ಒಪ್ಪಿದ ಗಿಡದಲ್ಲೇ ಎಷ್ಟು ತಪ್ಪುಗಳಿವೆ ಎಂಬ ಲೆಕ್ಕ ಸಿಕ್ಕರೆ, ಬೇರೆ ಪುಟಗಳಲ್ಲಿ ಎಷ್ಟು ತಪ್ಪನ್ನು ಕ್ಷಮಿಸಬಹುದು ಎಂಬ ಅಂದಾಜು ಬರುತ್ತದೆ.

ಎಚ್ಚರಿಕೆಯ ಗುರುತು: ನಿಮ್ಮ ಟಿಪ್ಪಣಿಯಲ್ಲಿ "ಚಿತ್ರಕಾರ ಇಲ್ಲಿ ತಪ್ಪು ಮಾಡಿದ್ದಾನೆ" ಎಂಬ ಮಾತು ಮೂರನೇ ಸಲ ಬಂದರೆ, ತಪ್ಪು ಮಾಡುತ್ತಿರುವವರು ನೀವು.

## ಹಂತ 8: ಬರಹವನ್ನು ಕೊನೆಗೆ ನೋಡಿ, ನೋಡದಿದ್ದರೂ ಸರಿ

ಪುಟದ ಮೊದಲ ಪದವೇ ಗಿಡದ ಹೆಸರು ಎಂಬ ಊಹೆ ಸಹಜ. 2014ರಲ್ಲಿ ಭಾಷಾವಿಜ್ಞಾನಿ ಸ್ಟೀಫನ್ ಬ್ಯಾಕ್ಸ್ ಇದೇ ದಾರಿಯಲ್ಲಿ ಗಿಡದ ಹೆಸರುಗಳ ಮೂಲಕ ಸುಮಾರು ಹತ್ತು ಪದಗಳನ್ನು ಓದಿದ್ದಾಗಿ ಹೇಳಿದರು. ಅದು ಒಪ್ಪಿಗೆ ಗಳಿಸಲಿಲ್ಲ. ತೊಂದರೆ ಏನೆಂದರೆ, ಸಸ್ಯಪುಟಗಳ ಪ್ಯಾರಾಗಳು ಬಹುಮಟ್ಟಿಗೆ ಅದೇ ಕೆಲವು ಎತ್ತರದ ಅಕ್ಷರಗಳಿಂದಲೇ ಶುರುವಾಗುತ್ತವೆ. ನೂರಕ್ಕೂ ಹೆಚ್ಚು ಗಿಡಗಳ ಹೆಸರು ನಾಲ್ಕೇ ಅಕ್ಷರಗಳಿಂದ ಶುರುವಾಗುವುದುಂಟೇ? ಆ ಅಕ್ಷರ ಅಲಂಕಾರವೂ ಆಗಿರಬಹುದು.

ಗಿಡದಿಂದ ಪದ, ಪದದಿಂದ ಮತ್ತೆ ಗಿಡ ಎಂದು ಸುತ್ತುವುದನ್ನು ಬಿಡಿ. ಒಂದರ ಸಾಲವನ್ನು ಇನ್ನೊಂದರ ಸಾಲದಿಂದ ತೀರಿಸಿದಂತೆ ಅದು, ಲೆಕ್ಕ ಸರಿಹೋದಂತೆ ಕಾಣುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ.

ಪಕ್ಕದ ಪುಟದಿಂದ ಸುಳಿವು ಹುಡುಕುವವರಿಗೂ ಒಂದು ಮಾತು. ಹಾಳೆಗಳ ಈಗಿನ ಕ್ರಮ ಮೂಲದ್ದಲ್ಲ ಎನ್ನಲು ಕಾರಣಗಳಿವೆ. 1970ರ ದಶಕದಲ್ಲಿ ಗುಪ್ತಲಿಪಿ ತಜ್ಞ ಪ್ರೆಸ್ಕಾಟ್ ಕರಿಯರ್ ಬರಹದಲ್ಲಿ ಎರಡು ಬಗೆಗಳಿವೆಯೆಂದು ತೋರಿಸಿದರು. 2020ರಲ್ಲಿ ಮಧ್ಯಯುಗದ ಹಸ್ತಪ್ರತಿಗಳ ತಜ್ಞೆ ಲೀಸಾ ಫೇಗಿನ್ ಡೇವಿಸ್ ಐದು ಕೈಬರಹಗಳನ್ನು ಗುರುತಿಸಿದರು. ಸಸ್ಯಭಾಗದಲ್ಲಿ ಈ ಬಗೆಗಳು ಬೆರೆತುಹೋಗಿವೆ. "ಪಕ್ಕದ ಪುಟದಲ್ಲಿ ಇದೇ ಕುಟುಂಬದ ಗಿಡವಿದೆ, ಹಾಗಾಗಿ ಇದೂ" ಎಂಬ ವಾದಕ್ಕೆ ನೆಲೆಯಿಲ್ಲ.

## ಹಂತ 9: ತೂಕ ಹಾಕಿ ಬರೆದಿಡಿ

ಹೆಸರಿನ ಜೊತೆ ಎಷ್ಟು ನಂಬಿಕೆ ಎಂಬುದನ್ನೂ ಬರೆಯಿರಿ. ನಾನು ಬಳಸುವುದು ನಾಲ್ಕು ದರ್ಜೆ. ಕುಟುಂಬ ಮಾತ್ರ ಗೊತ್ತು. ಕುಲ ಗೊತ್ತು. ಪ್ರಭೇದ ಇರಬಹುದು. ಪ್ರಭೇದ ಇದೇ, ಅದೇ ಕಾಲದ ಇನ್ನೊಂದು ಚಿತ್ರದ ಸಾಕ್ಷಿಯೂ ಇದೆ. ನಾಲ್ಕನೆಯ ದರ್ಜೆ ಕೊಡುವ ಮುನ್ನ ಕೈ ನಡುಗಬೇಕು. ಬಹುಪಾಲು ಪುಟಗಳು ಮೊದಲ ಎರಡರಲ್ಲೇ ನಿಲ್ಲುತ್ತವೆ, ಕೆಲವು ಒಂದನ್ನೂ ಮುಟ್ಟುವುದಿಲ್ಲ. ಹೊರದಬ್ಬಿದ ಅಭ್ಯರ್ಥಿಗಳನ್ನೂ ಕಾರಣದೊಂದಿಗೆ ಉಳಿಸಿಕೊಳ್ಳಿ. ಮುಂದೆ ಒಬ್ಬರು ಅದೇ ಹೆಸರು ಹಿಡಿದು ಬಂದಾಗ ಮೊದಲಿಂದ ಶುರುಮಾಡಬೇಕಿಲ್ಲ.

ಕಟ್ಟಕಡೆಗೆ ಒಂದು ಪರೀಕ್ಷೆ. ಹಂತ 4ರ ಕೋಷ್ಟಕವನ್ನಷ್ಟೇ, ಚಿತ್ರ ತೋರಿಸದೆ, ಹಸ್ತಪ್ರತಿಯ ಸುದ್ದಿಯೆತ್ತದೆ, ಗಿಡಗಳನ್ನು ಬಲ್ಲ ಒಬ್ಬರಿಗೆ ಕೊಡಿ. ಮೂರು ಹೆಸರು ಬರೆಯಲು ಹೇಳಿ. ನಿಮ್ಮ ಹೆಸರು ಆ ಮೂರರಲ್ಲಿದ್ದರೆ ದರ್ಜೆ ಹಾಗೇ ಇರಲಿ. ಇಲ್ಲದಿದ್ದರೆ ಒಂದು ದರ್ಜೆ ಇಳಿಸಿ, ಅವರು ಬರೆದ ಮೂರು ಹೆಸರುಗಳನ್ನು ಹಿಡಿದು ಹಂತ 6ಕ್ಕೆ ವಾಪಸಾಗಿ.